ಮಾಟುಂಗಾದ ಬಾಕ್ಸಿಂಗ್ ತರಗತಿ: ಮೊದಲು ಹಿಮ್ಮಡಿ, ಆಮೇಲೆ ಮುಷ್ಟಿ

ಮುಂಬಯಿಯ ಮಾಟುಂಗಾ ಪೂರ್ವದಲ್ಲಿ, ಕಿಂಗ್ಸ್ ಸರ್ಕಲ್‌ನಿಂದ ಐದು ನಿಮಿಷ ನಡೆದರೆ ಸಿಗುವ ಹಳೆಯ ಕಟ್ಟಡವೊಂದರ ನೆಲಮಹಡಿಯ ಬಾಕ್ಸಿಂಗ್ ತರಗತಿಗೆ ನಾನು ಮೂರು ತಿಂಗಳು ಹೋದೆ. ನಲವತ್ತರ ಹೊಸ್ತಿಲಲ್ಲಿರುವ, ದಿನವಿಡೀ ಕುರ್ಚಿಗೆ ಅಂಟಿಕೊಂಡಿರುವ ನನ್ನಂಥವರಿಗೆ ಅದು ಒಗ್ಗುತ್ತದೆಯೇ ಎಂದು ಇಲ್ಲಿಯ ಕನ್ನಡಿಗ ಗೆಳೆಯರು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಎರಡು ವಾರ ಚೀಲಕ್ಕೆ ಗುದ್ದಲು ಬಿಡಲಿಲ್ಲ. ಎಡಗಾಲು ಮುಂದೆ, ಬಲಗಾಲು ಹಿಂದೆ, ಗದ್ದ ಕೆಳಗೆ, ಬಲ ಹಿಮ್ಮಡಿ ನೆಲದಿಂದ ತುಸು ಮೇಲೆ. ಈ ನಿಲುವಿನಲ್ಲಿ ಹಿಂದೆ ಮುಂದೆ ಸರಿಯುವುದಷ್ಟೇ ಕೆಲಸ. ತರಬೇತುದಾರರು ಮರಾಠಿಯವರು, ನಿಮಿಷಕ್ಕೊಮ್ಮೆ ‘ಟಾಚ್, ಟಾಚ್’ ಎಂದು ಕೂಗುತ್ತಿದ್ದರು. ಶಿವಮೊಗ್ಗದಿಂದ ಬಂದು ವರ್ಷವೂ ತುಂಬದ ನಾನು ಅದನ್ನು ಇಂಗ್ಲಿಷಿನ ‘ಟಚ್’ ಎಂದುಕೊಂಡು ಎದುರಿನವನ ಕೈಗವಸನ್ನು ಮುಟ್ಟಿ ಮುಟ್ಟಿ ಬರುತ್ತಿದ್ದೆ. ಮೂರನೆಯ ದಿನ, ಪಕ್ಕದಲ್ಲಿದ್ದ ಕುಂದಾಪುರದ ಹುಡುಗ ನಗು ತಡೆಯಲಾರದೆ, ‘ಹಿಮ್ಮಡಿ ಮಾರಾಯ್ರೆ, ಎತ್ತಿ’ ಎಂದ.

ಹಿಮ್ಮಡಿಗೆ ಅಷ್ಟು ಮಹತ್ವವೇಕೆಂಬುದನ್ನು ಅವರು ಒಂದು ಪ್ಲಾಸ್ಟಿಕ್ ಸ್ಟೂಲಿನಿಂದ ತೋರಿಸಿದರು. ಅದರ ಮೇಲೆ ಕುಳಿತು, ಕಾಲುಗಳನ್ನು ನೆಲದಿಂದ ಎತ್ತಿ, ಚೀಲಕ್ಕೆ ಗುದ್ದಲು ಹೇಳಿದರು. ನಾನು ಎಷ್ಟು ಬಲ ಹಾಕಿದರೂ ಚೀಲ ಅಲುಗಲಿಲ್ಲ. ನಿಂತು, ಬಲಪಾದದ ಮುಂಭಾಗದಿಂದ ನೆಲವನ್ನು ಒತ್ತಿ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದಾಗ ಸೊಂಟ, ಅದರ ಹಿಂದೆ ಹೆಗಲು, ಕೊನೆಗೆ ಕೈ ತಿರುಗಿ ಬಂತು, ಚೀಲ ತೂಗಾಡಿತು. ಹಿಮ್ಮಡಿ ನೆಲಕ್ಕೆ ಕಚ್ಚಿಕೊಂಡಿದ್ದರೆ ಸೊಂಟ ಅರ್ಧದಲ್ಲೇ ನಿಲ್ಲುತ್ತದೆ, ಉಳಿದ ಹೊರೆಯೆಲ್ಲ ಹೆಗಲ ಕೀಲಿನ ಮೇಲೆ ಬೀಳುತ್ತದೆ. ಮುಷ್ಟಿಯನ್ನು ತಾಗುವ ಕ್ಷಣದಲ್ಲಷ್ಟೇ ಬಿಗಿಯಬೇಕು. ಮೊದಲೇ ಬಿಗಿದರೆ ತೋಳು ತನ್ನ ವೇಗವನ್ನು ತಾನೇ ತಡೆಯುತ್ತದೆ. 1919ರಲ್ಲಿ ಸುಮಾರು 85 ಕಿಲೋ ತೂಕದ ಅಮೆರಿಕದ ಬಾಕ್ಸರ್ ಜ್ಯಾಕ್ ಡೆಂಪ್ಸಿ, ತನಗಿಂತ 25 ಕಿಲೋಗೂ ಹೆಚ್ಚು ಭಾರವಿದ್ದ ಜೆಸ್ ವಿಲ್ಲರ್ಡ್‌ನನ್ನು ಮೊದಲ ಸುತ್ತಿನಲ್ಲೇ ಏಳು ಸಲ ಕೆಡವಿದ್ದನ್ನು ಹಿಂದೆಲ್ಲೋ ಓದಿದ್ದೆ. ಅದು ಬರೀ ತೋಳಿನಿಂದ ಆಗುವ ಕೆಲಸವಲ್ಲವೆಂದು ಸ್ಟೂಲಿನ ಮೇಲೆ ಕುಳಿತಾಗ ಅರ್ಥವಾಯಿತು.

ತಪ್ಪಿಸಿಕೊಳ್ಳುವ ಪಾಠ ಇದಕ್ಕಿಂತ ಸೊಗಸು. ಮರಳು ತುಂಬಿದ, ತೆಂಗಿನಕಾಯಿ ಗಾತ್ರದ ಬಟ್ಟೆಯ ಗಂಟೊಂದನ್ನು ಮೂಗಿನ ಎತ್ತರಕ್ಕೆ ತೂಗುಬಿಟ್ಟು ತಳ್ಳುತ್ತಾರೆ. ಅದು ಕಿವಿಯ ಪಕ್ಕದಲ್ಲೇ ಹಾದು ಹೋಗುವಷ್ಟು ಮಾತ್ರ ತಲೆ ಸರಿಯಬೇಕು. ನಾನು ಮೊದಮೊದಲು ದೇವರಿಗೆ ನಮಸ್ಕರಿಸುವವನಂತೆ ಸೊಂಟ ಬಗ್ಗಿಸುತ್ತಿದ್ದೆ, ಆಗ ಎದುರಾಳಿ ಕಣ್ಣಿನಿಂದ ಮರೆಯಾಗುತ್ತಾನೆ, ಮುಖ ಅವನ ಅಪ್ಪರ್‌ಕಟ್‌ಗೆ, ಅಂದರೆ ಕೆಳಗಿನಿಂದ ಮೇಲಕ್ಕೆ ಬರುವ ಗುದ್ದಿಗೆ, ಸಿದ್ಧವಾಗಿರುತ್ತದೆ. ಬಗ್ಗಬೇಕಾದದ್ದು ಮೊಣಕಾಲು, ತಿರುಗಬೇಕಾದದ್ದು ಹೆಗಲು. ಎದುರಿನವನ ಎಡಗೈಯ ಜ್ಯಾಬ್, ಅಂದರೆ ಚುರುಕಾದ ನೇರ ಗುದ್ದು, ಬಂದಾಗ ಹೀಗೆ ಬಲಕ್ಕೆ ಸರಿದರೆ ಮೈಯ ಭಾರ ಬಲಗಾಲಿನ ಮೇಲೆ ಕೂರುತ್ತದೆ, ಅಲ್ಲಿಂದಲೇ ನಮ್ಮ ಬಲಗೈಯ ಗುದ್ದು ಹೊರಡುತ್ತದೆ. ತಪ್ಪಿಸಿಕೊಳ್ಳುವುದನ್ನೂ ಹೊಡೆಯುವುದನ್ನೂ ಬೇರೆ ಬೇರೆ ಪಾಠವಾಗಿಸದೆ ಒಂದೇ ಚಲನೆಯಾಗಿ ಕಲಿಸುವುದಕ್ಕಾಗಿಯೇ ಈ ತರಗತಿಗೆ ಹೋಗಬಹುದು.

ಆದರೆ ಸಂಜೆಯ ತಂಡಕ್ಕೆ ಸೇರಬೇಡಿ. ಮೂವತ್ತಕ್ಕೂ ಹೆಚ್ಚು ಜನರಿಗೆ ಒಬ್ಬರೇ ತರಬೇತುದಾರರಿರುವುದರಿಂದ ನಿಮ್ಮ ಹಿಮ್ಮಡಿಯನ್ನು ಯಾರೂ ನೋಡುವುದಿಲ್ಲ. ನಾನು ಎರಡನೆಯ ತಿಂಗಳು ಬೆಳಗಿನ ಆರು ಗಂಟೆಯ ತಂಡಕ್ಕೆ ಬದಲಾಯಿಸಿಕೊಂಡ ಮೇಲೆಯೇ ಕಲಿಕೆ ಸಾಗಿದ್ದು. ಅವರು ಕೊಡುವ ಕೈಗವಸುಗಳು ಮಳೆಗಾಲದಲ್ಲಿ ಒಣಗುವುದೇ ಇಲ್ಲ, ವಾಸನೆಯ ವಿಚಾರ ಹೇಳದಿರುವುದೇ ಲೇಸು. 12 ಔನ್ಸಿನ ಸ್ವಂತ ಜೋಡಿಯನ್ನೂ ಕೈಗವಸಿನೊಳಗೆ ಸುತ್ತಿಕೊಳ್ಳುವ ನಾಲ್ಕೂವರೆ ಮೀಟರಿನ ಕೈಪಟ್ಟಿಯನ್ನೂ ಮೊದಲ ದಿನವೇ ಕೊಂಡುಬಿಡಿ. ಮೂರು ತಿಂಗಳ ಶುಲ್ಕ 7,500 ರೂಪಾಯಿಯನ್ನು ಮುಂಗಡವಾಗಿ ಕಟ್ಟಿಸಿಕೊಳ್ಳುತ್ತಾರೆ. ಜ್ವರದಿಂದ ನಾನು ಹನ್ನೆರಡು ದಿನ ಹೋಗಲಾಗದಿದ್ದುದನ್ನು ಮುಂದಕ್ಕೆ ಹೊಂದಿಸಿಕೊಡಿ ಎಂದಾಗ, ರಸೀದಿಯ ಹಿಂಭಾಗದ ಸಣ್ಣಕ್ಷರದ ನಿಯಮವನ್ನು ಬೆರಳಿಟ್ಟು ತೋರಿಸಿದರು.