ಹಳೇ ಕಾರಿಗೆ ಆಯಿಲ್ ಪ್ರೆಶರ್ ಸೆಂಡರ್ ಬದಲಿಸುವ ಮೊದಲು ಇದನ್ನು ಓದಿ

ಹೋದ ತಿಂಗಳು ನಮ್ಮ ಪದ್ಮಿನಿ ಕಾರಿನ ಎಂಜಿನ್ ಪೂರ್ತಿ ಬಿಚ್ಚಬೇಕಾಯಿತು. ಕ್ರ್ಯಾಂಕ್ ಲೇತಿಗೆ ಹೋಯಿತು. ಬೇರಿಂಗ್ ಶೆಲ್ ಎಲ್ಲ ಹೊಸದು. ಆರು ವಾರ ಕಾರು ಗ್ಯಾರೇಜಿನಲ್ಲೇ ನಿಂತಿತ್ತು. ಇಷ್ಟಕ್ಕೂ ಹಿಂದೆ ಇದ್ದದ್ದು ಕುಂಕುಮದ ಭರಣಿಯಷ್ಟಿರುವ ಒಂದು ಸಾಮಾನು. ಆಯಿಲ್ ಪ್ರೆಶರ್ ಸೆಂಡರ್. ಎಂಜಿನ್ ಆಯಿಲಿನ ಒತ್ತಡ ಎಷ್ಟಿದೆ ಎಂದು ಮೀಟರಿಗೆ ತಿಳಿಸುವುದು ಇದೇ. ಅಂಗಡಿಯಲ್ಲಿ ಸೆನ್ಸರ್ ಎಂದು ಕೇಳಿದರೂ ಇದನ್ನೇ ಕೊಡುತ್ತಾರೆ.

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಇನ್ನೂ ಹಳೇ ಫಿಯೆಟ್, ಅಂಬಾಸಿಡರ್, ಜೀಪು ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದೀರಿ. ನನಗಾದದ್ದು ನಿಮಗೆ ಆಗುವುದು ಬೇಡ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಇದು ಅಪ್ಪನ ಕಾರು. ನಮ್ಮ ಕಾಸರಗೋಡು ಕಣ್ಣೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1984ರಲ್ಲಿ. ಕಾರು ಅದಕ್ಕೂ ಮೊದಲಿನದು, ಆರ್‌ಸಿ ಪುಸ್ತಕದಲ್ಲಿ ಕಣ್ಣೂರಿನ ಸೀಲು ಇದೆ. ಪದ್ಮಿನಿಗೆ ಕಂಪನಿಯಿಂದ ಬರುತ್ತಿದ್ದದ್ದು ಆಯಿಲ್ ಪ್ರೆಶರ್ ತೀರಾ ಇಳಿದರೆ ಹೊತ್ತುವ ಕೆಂಪು ಬಲ್ಬು ಮಾತ್ರ. ಪ್ರೆಶರ್ ಎಷ್ಟಿದೆ ಎಂದು ನೋಡಬೇಕೆಂದು ಅಪ್ಪ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ದುಂಡಗಿನ ಮೀಟರ್ ಹಾಕಿಸಿದ್ದರು. ಸೊನ್ನೆಯಿಂದ 10 ಕೇಜಿವರೆಗೆ ಗುರುತು, ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಅಷ್ಟು ಕೇಜಿ ಒತ್ತಡ. ಎಂಜಿನ್ನಿನಲ್ಲಿ ಬಲ್ಬಿನ ಸ್ವಿಚ್ ಇರುವ ಜಾಗಕ್ಕೆ ಟಿ ಫಿಟಿಂಗ್ ಹಾಕಿ, ಒಂದು ಬದಿಗೆ ಸ್ವಿಚ್, ಇನ್ನೊಂದು ಬದಿಗೆ ಮೀಟರಿನ ಸೆಂಡರ್. ಬಲ್ಬೂ ಇತ್ತು, ಮೀಟರೂ ಇತ್ತು. ಇಪ್ಪತ್ತು ವರ್ಷ ಯಾವ ತೊಂದರೆಯೂ ಆಗಿರಲಿಲ್ಲ.

ಹೋದ ಮಳೆಗಾಲದಲ್ಲಿ ಸೆಂಡರಿನಿಂದ ಆಯಿಲ್ ಜಿನುಗಲು ಶುರುವಾಯಿತು. ಥ್ರೆಡ್ಡಿನಿಂದಲ್ಲ, ಡಬ್ಬಿಯ ಅಂಚಿನಿಂದ. ಅಂದರೆ ಒಳಗಿನ ಡಯಾಫ್ರಾಮ್ ಹೋಗಿದೆ ಎಂದರ್ಥ. ಈ ಸೆಂಡರಿನ ಒಳಗೆ ಒಂದು ತೆಳು ತಗಡು ಇರುತ್ತದೆ. ಆಯಿಲ್ ಅದನ್ನು ಒತ್ತಿದಾಗ ಒಂದು ಸಣ್ಣ ಕಡ್ಡಿ ರೆಸಿಸ್ಟೆನ್ಸ್ ತಂತಿಯ ಮೇಲೆ ಜಾರುತ್ತದೆ. ಪ್ರೆಶರ್ ಬದಲಾದಂತೆ ಓಮ್, ಅಂದರೆ ಆ ರೆಸಿಸ್ಟೆನ್ಸಿನ ಅಳತೆ, ಬದಲಾಗುತ್ತದೆ. ಮೀಟರಿಗೆ ಆಯಿಲ್ ಗೊತ್ತಿಲ್ಲ, ಗೊತ್ತಿರುವುದು ಓಮ್ ಮಾತ್ರ. ಈ ಒಂದು ವಿಷಯ ಆಗಲೇ ತಲೆಯಲ್ಲಿದ್ದಿದ್ದರೆ ನಾನು ಇಂದು ಇದನ್ನು ಬರೆಯುತ್ತಿರಲಿಲ್ಲ.

ಪೇಟೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹಳೇದನ್ನು ಒಯ್ದು ತೋರಿಸಿದೆ. “ಎಲ್ಲ ಒಂದೇ ಮಾಷೆ, ಥ್ರೆಡ್ ಕೂತರೆ ಆಯ್ತು” ಎಂದು ಒಂದು ಕೊಟ್ಟರು. ಹಾಕಿಸಿ ಕೀ ತಿರುಗಿಸಿದೆ. ಎಂಜಿನ್ ಇನ್ನೂ ಸ್ಟಾರ್ಟೇ ಆಗಿಲ್ಲ, ಸೂಜಿ ಸೀದಾ ಬಲತುದಿಗೆ ಹೋಗಿ ಕೂತಿತು. ಸ್ಟಾರ್ಟ್ ಮಾಡಿದರೆ ಕೆಳಗೆ ಇಳಿಯಿತು! ಪೂರಾ ತಿರುಗುಮುರುಗು.

ಕಾರಣ ಆಮೇಲೆ ಗೊತ್ತಾಯಿತು. ಜಾಸ್ತಿ ಸಿಗುವುದು ಎರಡು ಜಾತಿಯ ಸೆಂಡರ್. ಯುರೋಪಿನ ವಿಡಿಓ ಕಂಪನಿಯ ಮಾದರಿಯದು ಪ್ರೆಶರ್ ಇಲ್ಲದಾಗ ಸುಮಾರು 10 ಓಮ್, ಪೂರ್ತಿ ಪ್ರೆಶರಿಗೆ ಸುಮಾರು 180 ಓಮ್. ಅಮೆರಿಕದ ಮಾದರಿ ಇದಕ್ಕೆ ಉಲ್ಟಾ: ಪ್ರೆಶರ್ ಇಲ್ಲದಾಗ 240 ಓಮ್, ಪೂರ್ತಿ ಪ್ರೆಶರಿಗೆ 33. ಒಂದು ಜಾತಿಯ ಮೀಟರಿಗೆ ಇನ್ನೊಂದು ಜಾತಿಯ ಸೆಂಡರ್ ಹಾಕಿದರೆ ಸೂಜಿ ಹಿಂದುಮುಂದಾಗುತ್ತದೆ. ನಿಜ ಹೇಳಬೇಕೆಂದರೆ ಈ ತಪ್ಪು ಅಪಾಯದ್ದಲ್ಲ. ಕೀ ತಿರುಗಿಸಿದ ಕೂಡಲೇ ಗೊತ್ತಾಗುತ್ತದೆ, ಬಿಚ್ಚಿ ವಾಪಸ್ ಕೊಡುತ್ತೇವೆ. ನಾನೂ ಕೊಟ್ಟೆ.

ಅಂಗಡಿಯವರು ಬೇರೊಂದು ಕೊಟ್ಟರು. ಪೆಟ್ಟಿಗೆಯ ಮೇಲೆ ಹೆಸರಿಲ್ಲ, ಸೆಂಡರಿನ ಮೇಲೆ ಯಾವ ಅಂಕಿಯೂ ಇಲ್ಲ. ಅದರ ಥ್ರೆಡ್ ನಮ್ಮ ಟಿ ಫಿಟಿಂಗಿಗೆ ಕೂರಲಿಲ್ಲ. ಎಲೆಕ್ಟ್ರಿಷಿಯನ್ ಟಿಯನ್ನೇ ತೆಗೆದು, ಬಲ್ಬಿನ ಸ್ವಿಚ್ಚನ್ನೂ ತೆಗೆದು, ಒಂದು ಅಡಾಪ್ಟರ್ ಇಟ್ಟು ಸೆಂಡರನ್ನು ನೇರ ಎಂಜಿನ್ನಿಗೆ ಹಾಕಿದ. “ಮೀಟರ್ ಉಂಟಲ್ಲ ಮಾಷೆ, ಬಲ್ಬ್ ಯಾಕೆ?” ಎಂದ. ನಾನು ಆಯಿತು ಎಂದೆ. ಸ್ವಿಚ್ಚಿನ ವೈರಿಗೆ ಕಪ್ಪು ಟೇಪು ಸುತ್ತಿ ಒಳಗೆ ಸಿಕ್ಕಿಸಿದ. ಇಡೀ ಕತೆಯಲ್ಲಿ ನನಗೆ ಇವತ್ತಿಗೂ ನೋವಾಗುವುದು ಆ ಟೇಪಿನ ಬಗ್ಗೆ.

ಈ ಸಲ ಎಲ್ಲ ಸರಿಯಾಗಿಯೇ ಕಂಡಿತು. ಕೀ ಆನ್ ಮಾಡಿದರೆ ಸೂಜಿ ಸೊನ್ನೆಯಲ್ಲಿ. ಸ್ಟಾರ್ಟ್ ಮಾಡಿದರೆ ಮೇಲಕ್ಕೆ. ಆಕ್ಸಿಲರೇಟರ್ ಒತ್ತಿದರೆ ಇನ್ನೂ ಮೇಲಕ್ಕೆ. ಬೆಳಿಗ್ಗೆ ತಂಪು ಎಂಜಿನ್ನಿನಲ್ಲಿ 7 ದಾಟುತ್ತಿತ್ತು. ಹಳೇ ಸೆಂಡರ್ ಇದ್ದಾಗ ಅಷ್ಟು ಯಾವತ್ತೂ ಹೋಗುತ್ತಿರಲಿಲ್ಲ. ಆಯಿಲ್ ಹೊಸದು, ದಪ್ಪದ 20ಡಬ್ಲ್ಯೂ-50, ಮಳೆಗಾಲದ ತಂಪು, ಅದಕ್ಕೇ ಇರಬೇಕು ಎಂದುಕೊಂಡೆ. ಆಗಲೇ ನಿಂತು ಯೋಚಿಸಬೇಕಿತ್ತು.

ಐದು ತಿಂಗಳು ಓಡಿಸಿದೆ. ಮತ್ತೆ ಅಮ್ಮನನ್ನು ಕರೆದುಕೊಂಡು ಸುಳ್ಯಕ್ಕೆ ಒಂದು ಮದುವೆಗೆ ಹೊರಟೆವು. ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿನ ದಾರಿ. ಕಾಡಿನ ನಡುವೆ ಒಂದು ಏರಿನಲ್ಲಿ ಎರಡನೇ ಗೇರ್ ಹಾಕಿದಾಗ ಕೆಳಗಿನಿಂದ ಒಂದು ಸದ್ದು. ಕಟ್ ಕಟ್ ಕಟ್. ಟ್ಯಾಪೆಟ್ ಸದ್ದಲ್ಲ, ಅದು ತೆಳು ಇರುತ್ತದೆ. ಇದು ಒನಕೆಯಲ್ಲಿ ಕುಟ್ಟಿದ ಹಾಗೆ ಭಾರದ ಸದ್ದು. ಮೀಟರ್ ನೋಡಿದೆ, 2 ಕೇಜಿ ತೋರಿಸುತ್ತಿತ್ತು. ಪ್ರೆಶರ್ ಇದೆಯಲ್ಲ ಎಂದು ಇನ್ನೂ ಒಂದು ಕಿಲೋಮೀಟರ್ ಓಡಿಸಿದೆ. ಸದ್ದು ಜಾಸ್ತಿಯಾಯಿತು, ಬದಿಗೆ ನಿಲ್ಲಿಸಿದೆ. ಅಮ್ಮ ಬಸ್ಸಿನಲ್ಲಿ ಹೋದರು, ನಾನು ಪಿಕಪ್ಪಿನ ಹಿಂದೆ ಹಗ್ಗ ಕಟ್ಟಿಕೊಂಡು ಮುಳ್ಳೇರಿಯಕ್ಕೆ ವಾಪಸ್.

ಗ್ಯಾರೇಜಿನ ಇಚ್ಚ ಹಳೇ ಕಾಲದವರು. ಎಂಜಿನ್ನಿಗೆ ಕೈ ಹಾಕುವ ಮೊದಲು ಅವರು ನಮ್ಮ ಸೆಂಡರನ್ನು ಬಿಚ್ಚಿ, ತಮ್ಮ ಟಿ ಫಿಟಿಂಗಿನ ಒಂದು ಬದಿಗೆ ಅದನ್ನು ಹಾಕಿದರು. ಇನ್ನೊಂದು ಬದಿಗೆ ಪೈಪಿನ ಮೀಟರ್. ವೈರ್ ಇಲ್ಲದ್ದು, ಸಣ್ಣ ಪೈಪಿನಲ್ಲಿ ಆಯಿಲ್ಲೇ ಮೀಟರಿನವರೆಗೆ ಬಂದು ಒಳಗಿನ ಬಾಗಿದ ಹಿತ್ತಾಳೆ ಕೊಳವೆಯನ್ನು ಒತ್ತುವಂಥದ್ದು. ಒಂದೇ ನಿಮಿಷ ಸ್ಟಾರ್ಟ್ ಮಾಡಿದರು. ನಮ್ಮ ಮೀಟರಿನಲ್ಲಿ 2. ಅವರದ್ದರಲ್ಲಿ 1. ಐಡಲಿಗೆ ಬಿಟ್ಟರು. ನಮ್ಮದು ಹತ್ತಿರ ಹತ್ತಿರ 1, ಅವರದ್ದು ಅರ್ಧವೂ ಇಲ್ಲ.

“ಮಾಷೆ, ನಿಮ್ಮ ಮೀಟರ್ ಡಬಲ್ ಹೇಳ್ತಾ ಉಂಟು” ಎಂದರು.

ವಿಷಯ ಇಷ್ಟೇ. 10-180 ಓಮಿನ ಸೆಂಡರುಗಳಲ್ಲೇ 5 ಬಾರಿನದು ಬೇರೆ, 10 ಬಾರಿನದು ಬೇರೆ. ಬಾರ್ ಮತ್ತು ಕೇಜಿ ಹೆಚ್ಚುಕಮ್ಮಿ ಒಂದೇ ಎಂದಿಟ್ಟುಕೊಳ್ಳಿ. ಎರಡೂ ಸೊನ್ನೆಗೆ 10 ಓಮ್ ಕೊಡುತ್ತವೆ. ಆದರೆ ಒಂದು 5 ಬಾರಿಗೇ 180 ಓಮ್ ಮುಟ್ಟುತ್ತದೆ, ಇನ್ನೊಂದು 10 ಬಾರಿಗೆ. ನನ್ನ ಮೀಟರ್ 10ರದ್ದು, ಅಂಗಡಿಯವರು ಕೊಟ್ಟದ್ದು 5ರದ್ದು. ನಿಜವಾದ 1 ಕೇಜಿ ನನಗೆ 2 ಆಗಿ ಕಂಡಿತು. ಬೆಳಿಗ್ಗೆ 7 ಎಂದು ಕಂಡದ್ದು ಮೂರೂವರೆ. ಇದರ ಉಲ್ಟಾ ಆಗಿ 5ರ ಮೀಟರಿಗೆ 10ರ ಸೆಂಡರ್ ಹಾಕಿದ್ದರೆ ಅರ್ಧ ತೋರಿಸುತ್ತಿತ್ತು. ಆಗ ಹೆದರಿ ಗ್ಯಾರೇಜಿಗಾದರೂ ಹೋಗುತ್ತಿದ್ದೆ, ಎಂಜಿನ್ ಉಳಿಯುತ್ತಿತ್ತು.

ಎಂಜಿನ್ ಸವೆದದ್ದು ಸೆಂಡರಿನಿಂದಲ್ಲ. ಆಯಿಲ್ ಪಂಪಿನ ಗೇರ್ ಸವೆದಿತ್ತು, ಬೇರಿಂಗ್ ಸಡಿಲವಾಗಿತ್ತು, ವಯಸ್ಸಾದ ಎಂಜಿನ್ನಿನಲ್ಲಿ ಅದು ಆಗುವಂಥದ್ದೇ. ಆದರೆ ಮೊದಲ ತಿಂಗಳೇ ಗೊತ್ತಾಗಿದ್ದರೆ ಪಂಪು ಮತ್ತು ಶೆಲ್ ಬದಲಿಸಿದರೆ ಮುಗಿಯುತ್ತಿತ್ತು. ಇಚ್ಚ ಸಂಪ್ ಬಿಚ್ಚಿದಾಗ ಆಯಿಲಿನಲ್ಲಿ ಸಣ್ಣ ಸಣ್ಣ ಮಿಂಚು. ಬೂದು ಬಣ್ಣದಲ್ಲಿ ನುಣ್ಣಗಿರಬೇಕಾದ ಬಿಗ್ ಎಂಡ್ ಶೆಲ್, ಅಂದರೆ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂರುವಲ್ಲಿನ ಬೇರಿಂಗ್, ತಾಮ್ರದ ಬಣ್ಣಕ್ಕೆ ತಿರುಗಿತ್ತು. ಕ್ರ್ಯಾಂಕಿನ ಮೇಲೆ ನನ್ನ ಕೈಹಿಡಿದು ಉಗುರು ಎಳೆಸಿದರು. ಉಗುರು ಗೀರುಗಳಿಗೆ ಸಿಕ್ಕಿ ನಿಂತಿತು. ಅಪ್ಪ ಅಷ್ಟು ಜೋಪಾನ ಮಾಡಿದ ಎಂಜಿನ್ನು. ನನಗೆ ಮಾತೇ ಹೊರಡಲಿಲ್ಲ.

ಆ ಕೆಂಪು ಬಲ್ಬು ಇದ್ದಿದ್ದರೆ? ಬಲ್ಬಿನ ಸ್ವಿಚ್ ಸಾಮಾನ್ಯವಾಗಿ ಅರ್ಧ ಬಾರಿನ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಬಿಸಿ ಎಂಜಿನ್ ಐಡಲಿನಲ್ಲಿದ್ದಾಗ ಅದು ಮಿಣುಕಿಯೇ ಮಿಣುಕುತ್ತಿತ್ತು. ಎಲೆಕ್ಟ್ರಿಷಿಯನ್ ಎಷ್ಟೇ ಹೇಳಲಿ, ಮೀಟರ್ ಹಾಕಲಿಕ್ಕಾಗಿ ಬಲ್ಬಿನ ಸ್ವಿಚ್ ತೆಗೆಯಲು ಬಿಡಬೇಡಿ. ಟಿ ಫಿಟಿಂಗ್ ಸಿಗುತ್ತದೆ.

ಸೆಂಡರ್ ಕೊಳ್ಳುವಾಗ ಒಂದು ಮಲ್ಟಿಮೀಟರ್ ಒಯ್ಯಿರಿ. ಅಂಗಡಿಯ ಮೇಜಿನ ಮೇಲೆಯೇ ಟರ್ಮಿನಲ್ಲಿಗೊಂದು ಕಡ್ಡಿ, ಮೈಗೊಂದು ಕಡ್ಡಿ ಹಿಡಿದು ಓಮ್ ನೋಡಿ. 10ರ ಹತ್ತಿರವೋ 240ರ ಹತ್ತಿರವೋ, ಅಲ್ಲೇ ಗೊತ್ತಾಗುತ್ತದೆ. ಮನೆಯಲ್ಲಿರುವ ಮೀಟರ್ ಯಾವ ಜಾತಿ ಎಂದು ತಿಳಿಯಲು ಕೀ ಆನ್ ಮಾಡಿ ಸೆಂಡರಿನ ವೈರ್ ಕಳಚಿ. ಸೂಜಿ ಮೇಲಿನ ತುದಿಗೆ ಹೋದರೆ 10-180, ಸೊನ್ನೆಗೆ ಬಂದರೆ 240-33. ಆದರೆ 5 ಬಾರೋ 10 ಬಾರೋ ಎಂಬುದು ಈ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ. ಅದನ್ನು ಸೆಂಡರಿನ ಮೈಮೇಲೆ, ಹೆಚ್ಚಾಗಿ ಸ್ಪ್ಯಾನರ್ ಹಿಡಿಯುವ ಕಡೆ, ಒತ್ತಿ ಬರೆದಿರಬೇಕು. ಬರೆದಿಲ್ಲವಾದರೆ ಕೊಳ್ಳಬೇಡಿ. ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ.

ಥ್ರೆಡ್ಡಿನ ವಿಷಯ. ಎಂಟನೇ ಒಂದು ಇಂಚಿನ ಎನ್‌ಪಿಟಿಗೆ (ಅಮೆರಿಕದ ಪೈಪ್ ಥ್ರೆಡ್) ಇಂಚಿಗೆ 27 ಸುತ್ತು, ಅದೇ ಅಳತೆಯ ಬಿಎಸ್‌ಪಿಗೆ (ಬ್ರಿಟಿಷ್ ಪೈಪ್ ಥ್ರೆಡ್) 28. ಎಂ10 ಎಂಬ 10 ಮಿಲಿಮೀಟರಿನ ಥ್ರೆಡ್ಡೂ ಕಣ್ಣಿಗೆ ಅವೆರಡರಂತೆಯೇ ಕಾಣುತ್ತದೆ. ಕೈಯಲ್ಲೇ ಮೂರ್ನಾಲ್ಕು ಸುತ್ತು ಹೋಗದಿದ್ದರೆ ಸ್ಪ್ಯಾನರ್ ಹಾಕಿ ಒತ್ತಬೇಡಿ, ಬ್ಲಾಕಿನ ಥ್ರೆಡ್ ಹೋದರೆ ಅದು ಬೇರೆಯೇ ಗೋಳು. ಟೆಫ್ಲಾನ್ ಟೇಪು ಜಾಸ್ತಿ ಸುತ್ತಿದರೆ ಸೆಂಡರಿಗೆ ಅರ್ತ್ ಸಿಗುವುದಿಲ್ಲ, ಏಕೆಂದರೆ ಒಂದೇ ಟರ್ಮಿನಲ್ಲಿನ ಸೆಂಡರಿಗೆ ಅರ್ತ್ ಬರುವುದು ಥ್ರೆಡ್ಡಿನಿಂದಲೇ. ಎರಡು ಟರ್ಮಿನಲ್ ಇದ್ದರೆ ಜಿ ಎಂದಿರುವುದು ಮೀಟರಿಗೆ, ಡಬ್ಲ್ಯೂಕೆ ಎಂದಿರುವುದು ಬಲ್ಬಿಗೆ.

ಎಲ್ಲ ಹೊಂದಿಸಿದ ಮೇಲೂ ಒಮ್ಮೆ ಪೈಪಿನ ಮೀಟರ್ ಹಾಕಿಸಿ ಎರಡನ್ನೂ ಪಕ್ಕಪಕ್ಕ ನೋಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನೋಡಿ, ತಂಪಿನಲ್ಲಲ್ಲ. ಒಳ್ಳೆಯ ಗ್ಯಾರೇಜಿನಲ್ಲಿ ಕಾಲು ಗಂಟೆಯ ಕೆಲಸ. ಎಂಜಿನ್ ನಿಮಿಷಕ್ಕೆ ತಿರುಗುವ ಪ್ರತಿ 1000 ಸುತ್ತಿಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಕೇಜಿ ಇರಬೇಕು ಎಂಬುದು ಹಳೇ ಮೆಕ್ಯಾನಿಕ್‌ಗಳ ಲೆಕ್ಕ.

ಮೊನ್ನೆ ಆ ಅಂಗಡಿಗೆ ಹೋಗಿ ಸೆಂಡರ್ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ಜಗಳ ಮಾಡಲಿಲ್ಲ. ಅವರು ಪಾಪ ಗಮನವಿಟ್ಟೇ ಕೇಳಿದರು, ಹಣವನ್ನೂ ವಾಪಸ್ ಕೊಟ್ಟರು. ಆದರೆ ಅದೇ ಹೆಸರಿಲ್ಲದ ಪೆಟ್ಟಿಗೆಗಳು ಕಪಾಟಿನಲ್ಲಿ ಇನ್ನೂ ಏಳೆಂಟು ಇದ್ದವು. ಈ ವರ್ಷ ಇಂಥ ಅಂಕಿಯಿಲ್ಲದ ಸೆಂಡರ್ ಹಾಕಿಸಿಕೊಂಡವರು ಯಾರಾದರೂ ಇದ್ದರೆ, ಮುಂದಿನ ಸಲ ಕಾರು ಹೊರಗೆ ತೆಗೆಯುವ ಮೊದಲೇ ಅದನ್ನು ಪರೀಕ್ಷೆ ಮಾಡಿಸಿ.