ಟೂಸಾನ್‌ನಲ್ಲಿ ಊಟಕ್ಕೆ ಕೂರುವ ಮೊದಲು ಟೋರ್ಟಿಯಾ ನೋಡಿ

ಅರಿಜೋನಾದ ಟೂಸಾನ್‌ನಲ್ಲಿ ಯಾವ ಹೋಟೆಲ್ ಹೊಕ್ಕರೂ ಮೆನು ತೆರೆಯುವ ಮೊದಲು ಪಕ್ಕದ ಟೇಬಲ್ಲಿನ ಟೋರ್ಟಿಯಾ, ಅಂದರೆ ಮೆಕ್ಸಿಕನ್ನರ ತೆಳು ರೊಟ್ಟಿ, ನೋಡಿಕೊಳ್ಳಿ. ಮೆಕ್ಸಿಕನ್ ಅಡುಗೆ ಎಂದರೆ ಮೆಕ್ಕೆಜೋಳದ ರೊಟ್ಟಿ ಅಂದುಕೊಂಡು ಬಂದವರಿಗೆ ಇಲ್ಲಿ ಸಿಗುವುದು ಗೋಧಿಯದು. 1854ರವರೆಗೆ ಈ ಊರು ಮೆಕ್ಸಿಕೋದ ಸೊನೋರಾ ಪ್ರಾಂತ್ಯಕ್ಕೆ ಸೇರಿತ್ತು. ಗಡಿ ಇಂದಿಗೂ ನೂರು ಕಿಲೋಮೀಟರ್ ದೂರದಲ್ಲಷ್ಟೇ ಇದೆ. ಸೊನೋರಾ ಗೋಧಿ ಬೆಳೆಯುವ, ದನ ಮೇಯಿಸುವ ಸೀಮೆ. ಆದ್ದರಿಂದ ಟೂಸಾನ್‌ನ ಅಡುಗೆಯ ಬುಡದಲ್ಲಿರುವುದು ಗೋಧಿ ಮತ್ತು ದನದ ಮಾಂಸ. ದನದ ಮಾಂಸ ತಿನ್ನದವರಿಗೂ ಇಲ್ಲಿ ಹೊಟ್ಟೆ ತುಂಬುತ್ತದೆ, ಕೇಳಿ ತಿನ್ನುವ ಅಭ್ಯಾಸ ಬೇಕು ಅಷ್ಟೆ.

ಒಳ್ಳೆಯ ಸೊನೋರಾ ಟೋರ್ಟಿಯಾ ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳಿನ ನೆರಳು ಕಾಣುವಷ್ಟು ತೆಳು. ಮೈಮೇಲೆ ಅಲ್ಲಲ್ಲಿ ಕಂದು ಚುಕ್ಕೆ, ಒಂದೆರಡು ಕಡೆ ಸುಟ್ಟ ಗುಳ್ಳೆ. ಮಡಚಿದರೆ ಬಿರುಕು ಬಿಡಬಾರದು, ಎಳೆದರೆ ಸ್ವಲ್ಪ ಹಿಗ್ಗಿ ಆಮೇಲೆ ಹರಿಯಬೇಕು. ಸೊಬಾಕೆರಾ ಎಂಬ ದೊಡ್ಡ ಬಗೆಯನ್ನು ನಮ್ಮ ರುಮಾಲಿ ರೊಟ್ಟಿಯ ಹಾಗೆ ಕೈಮೇಲೆ ಹಿಗ್ಗಿಸುತ್ತಾರೆ. ಬೆರಳಿನಿಂದ ಮೊಣಕೈ ದಾಟಿ ಇಳಿಬೀಳುವಷ್ಟು ಅಗಲ. ಹಿಟ್ಟು ನೆನೆಯಲು ಬಿಡದೆ ಲಟ್ಟಿಸಿದರೆ ಟೋರ್ಟಿಯಾ ದಪ್ಪವಾಗಿ ಹಸಿ ಹಿಟ್ಟಿನ ರುಚಿ ಬರುತ್ತದೆ. ಕಾವಲಿ ಸಾಕಷ್ಟು ಕಾಯದಿದ್ದರೆ ಬೇಯುವ ಮೊದಲೇ ಒಣಗಿ ಹಪ್ಪಳದಂತೆ ಒಡೆಯುತ್ತದೆ. ಪ್ಯಾಕೆಟ್ಟಿನದನ್ನು ಹಬೆಯಲ್ಲಿ ಬಿಸಿ ಮಾಡಿ ಕೊಡುವ ಕಡೆ ಅದು ಬಿಳಿಚಿಕೊಂಡು ತಟ್ಟೆಗೆ ಅಂಟಿಕೊಂಡಿರುತ್ತದೆ. ಅಂಥಲ್ಲಿ ಎನ್ಚಿಲಾಡಾದಂಥ ಸಾಸ್‌ನಲ್ಲಿ ಮುಳುಗಿದ ಪದಾರ್ಥ ತೆಗೆದುಕೊಳ್ಳಿ, ಟೋರ್ಟಿಯಾದಲ್ಲಿ ಹೂರಣ ಸುತ್ತಿ ಕೊಡುವ ಬರಿಟೋ ಬೇಡ. ಬರೀ ಟೋರ್ಟಿಯಾ ಕಟ್ಟಿಸಿಕೊಳ್ಳುವುದಾದರೆ ಬಾರಿಯೋ ಅನೀಟಾದ ಅನೀಟಾ ಸ್ಟ್ರೀಟ್ ಮಾರ್ಕೆಟ್ ನೋಡಬೇಕಾದ ಜಾಗ.

ಇನ್ನು ಕೊಬ್ಬಿನ ಮಾತು. ಸಸ್ಯಾಹಾರಿಗಳು ಎಡವುವುದು ಇಲ್ಲೇ. ಟೋರ್ಟಿಯಾದ ಹಿಟ್ಟಿಗೆ, ಮಸೆದ ಬೀನ್ಸ್‌ಗೆ, ತಮಾಲೆ ಎಂಬ ಹಬೆಯಲ್ಲಿ ಬೇಯಿಸುವ ಮೆಕ್ಕೆಜೋಳದ ಕಡುಬಿನ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಹಾಕುವುದು ಹಂದಿಯ ಕೊಬ್ಬು. ಅದರ ಹೆಸರು ಮಂತೇಕಾ. ಕೆಂಪಗಿನ ಮೆಕ್ಸಿಕನ್ ಅನ್ನವನ್ನು ಬಹಳ ಕಡೆ ಕೋಳಿ ಸಾರಿನಲ್ಲಿ ಬೇಯಿಸುತ್ತಾರೆ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮಾಂಸದ ತುಂಡು ತೆಗೆದು ಕೊಡುತ್ತಾರೆ, ಕೊಬ್ಬು ಮತ್ತು ಸಾರು ಹಾಗೇ ಉಳಿಯುತ್ತವೆ. ‘ಸಿನ್ ಕಾರ್ನೆ’ (ಮಾಂಸವಿಲ್ಲದೆ) ಎಂದರೂ ಸಾಲದು, ಕಾರ್ನೆ ಅಂದರೆ ದನದ ಮಾಂಸವೆಂದೇ ತಿಳಿದು ಕೋಳಿ ಹಾಕಿಕೊಟ್ಟಾರು. ಹೀಗೆ ಕೇಳಿ: ಬೀನ್ಸ್‌ನಲ್ಲಿ ಮಂತೇಕಾ ಇದೆಯೇ? ಅನ್ನ ಬೇಯಿಸಿದ್ದು ನೀರಿನಲ್ಲೋ, ಕಾಲ್ದೊ ದೆ ಪೊಯೊ ಎಂಬ ಕೋಳಿ ಸಾರಿನಲ್ಲೋ? ಟೋರ್ಟಿಯಾಕ್ಕೆ ಹಾಕಿದ್ದು ಎಣ್ಣೆಯೋ, ಮಂತೇಕಾನೋ? ಇಷ್ಟು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮಸೆಯದ ಇಡೀ ಬೀನ್ಸ್ ಇದ್ದರೆ ಕೊಬ್ಬಿನ ಚಿಂತೆ ಕಡಿಮೆ, ಆದರೆ ‘ಚಾರ್ರೊ’ ಎಂದು ಬರೆದ ಬೀನ್ಸ್‌ನಲ್ಲಿ ಬೇಕನ್ (ಹಂದಿಮಾಂಸ) ಇದ್ದೇ ಇರುತ್ತದೆ ಎಂದುಕೊಳ್ಳಿ.

ಈ ಊರಿನ ತಿಂಡಿಗಳಲ್ಲಿ ಸಸ್ಯಾಹಾರಿಗಳು ಮೊದಲು ತಿನ್ನಬೇಕಾದ್ದು ಚೀಸ್ ಕ್ರಿಸ್ಪ್. ದೊಡ್ಡ ಟೋರ್ಟಿಯಾವನ್ನು ಪಿಜ್ಜಾ ತಟ್ಟೆಯ ಮೇಲೆ ಹರಡಿ, ಬೆಣ್ಣೆ ಸವರಿ, ಓವನ್ನಿನಲ್ಲಿ ಗರಿಗರಿ ಮಾಡಿ, ಮೇಲೆ ಚೀಸ್ ಹಾಕಿ ಕರಗಿಸುತ್ತಾರೆ. ಮಡಚುವುದಿಲ್ಲ, ಮಡಚಿದರೆ ಅದು ಕೆಸಡಿಯಾ. ಸುಟ್ಟು ಸಿಪ್ಪೆ ಸುಲಿದ ಹಸಿಮೆಣಸಿನ ಎಳೆಗಳನ್ನು ಕೇಳಿ ಹಾಕಿಸಿಕೊಳ್ಳಿ, ಅದಿಲ್ಲದೆ ಬರೀ ಜಿಡ್ಡೆನಿಸುತ್ತದೆ. ತಟ್ಟೆ ಬಂದ ಐದು ನಿಮಿಷದೊಳಗೆ ಮುರಿದು ತಿನ್ನಬೇಕು. ತಣಿದರೆ ನಡುಭಾಗ ಮೆತ್ತಗಾಗಿ ಚರ್ಮದಂತೆ ಎಳೆಯುತ್ತದೆ. ಕಟ್ಟಿಸಿಕೊಂಡು ಹೋಗುವ ಪದಾರ್ಥ ಇದಲ್ಲವೇ ಅಲ್ಲ.

ಮಾಂಸ ತಿನ್ನುವವರು ದಕ್ಷಿಣದ 12ನೇ ಅವೆನ್ಯೂಗೆ ಹೋಗಲೇಬೇಕು. ಎಲ್ ಗುವೆರೋ ಕನೇಲೊ, ಬಿಕೆ ಎಂಬ ಹೋಟೆಲುಗಳೆರಡೂ ಅಲ್ಲಿ ಹತ್ತಿರ ಹತ್ತಿರವೇ ಇವೆ. ಎರಡರಲ್ಲೂ ಸೊನೋರಾ ಹಾಟ್ ಡಾಗ್ ಸಿಗುತ್ತದೆ. 1993ರಲ್ಲಿ ಸಣ್ಣ ಗಾಡಿಯಾಗಿ ಶುರುವಾದ ಎಲ್ ಗುವೆರೋ ಕನೇಲೊಗೆ 2018ರಲ್ಲಿ ಅಮೆರಿಕದ ಅಡುಗೆ ಲೋಕಕ್ಕೆ ಪ್ರಶಸ್ತಿ ಕೊಡುವ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ‘ಅಮೆರಿಕಾಸ್ ಕ್ಲಾಸಿಕ್ಸ್’ ಗೌರವ ಸಿಕ್ಕಿತು. ಸಾಸೇಜಿಗೆ ಬೇಕನ್ ಸುತ್ತಿ ಕಾವಲಿಯ ಮೇಲೆ ಉರುಳಿಸಿ ಬೇಯಿಸುತ್ತಾರೆ. ಬನ್ನನ್ನು ತುದಿಯಿಂದ ತುದಿಗೆ ಸೀಳದೆ ನಡುವೆ ಮಾತ್ರ ದೋಣಿಯಂತೆ ಬಿಡಿಸಿರುತ್ತಾರೆ. ಒಳಗೆ ಪಿಂಟೊ ಬೀನ್ಸ್, ಹಸಿ ಮತ್ತು ಹುರಿದ ಈರುಳ್ಳಿ, ಟೊಮೆಟೊ, ಸಾಸಿವೆ ಸಾಸ್, ಮೇಯೊನೀಸ್, ಹಲಪೇನ್ಯೊ ಸಾಸ್. ಪಕ್ಕದಲ್ಲಿ ಸುಟ್ಟ ಹಳದಿ ಮೆಣಸಿನಕಾಯಿ ಒಂದು. ಇಷ್ಟೆಲ್ಲ ಹೊತ್ತೂ ಬನ್ ಕುಸಿಯಬಾರದು. ಮುಚ್ಚಿದ ತುದಿಗಳೇ ಅದಕ್ಕೆ ಆಧಾರ. ಬೇಕನ್ ಗರಿಯಾಗದೆ ರಬ್ಬರಿನಂತಿದ್ದರೆ ಕಾವಲಿಯಲ್ಲಿ ನೂಕುನುಗ್ಗಲು ಎಂದರ್ಥ. ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಹೋದವರಿಗೆ ಒಳ್ಳೆಯದು ಸಿಗುತ್ತದೆ. ಒಂದರಿಂದ ಹೊಟ್ಟೆ ತುಂಬುವುದಿಲ್ಲ, ಎರಡು ಹೆಚ್ಚು. ಒಂದು ಹಾಟ್ ಡಾಗ್, ಒಂದು ಕಾರ್ನೆ ಅಸಾದಾ ಟಾಕೊ (ಸುಟ್ಟ ದನದ ಮಾಂಸ ತುಂಬಿದ ಸಣ್ಣ ಟೋರ್ಟಿಯಾ), ಈ ಜೋಡಿ ಸರಿಯಾದ ಅಳತೆ. ಸಾಲ್ಸಾ ಕೌಂಟರಿನಲ್ಲಿ ಚಿಲ್ಟೆಪಿನ್ ಕಂಡರೆ ಎಚ್ಚರ. ಕಡಲೆಗಿಂತ ಚಿಕ್ಕದಾದ ಈ ದುಂಡು ಕಾಡುಮೆಣಸು ನಮ್ಮ ಜೀರಿಗೆಮೆಣಸಿನಂತೆ ತಟ್ಟನೆ ಏರುತ್ತದೆ, ಆದರೆ ಬೇಗ ಇಳಿದೂ ಹೋಗುತ್ತದೆ.

ಊರಿನ ನಡುವಿನ ಎಲ್ ಚಾರ್ರೊ ಕೆಫೆ 1922ರಲ್ಲಿ ಮೋನಿಕಾ ಫ್ಲಿನ್ ಶುರುಮಾಡಿದ್ದು. ಛಾವಣಿಯ ಮೇಲೆ ಜಾಲರಿ ಪಂಜರ ಕಟ್ಟಿ, ಬೆಳ್ಳುಳ್ಳಿ ಮತ್ತು ನಿಂಬೆರಸ ಹಚ್ಚಿದ ತೆಳು ದನದ ಮಾಂಸವನ್ನು ಬಿಸಿಲಿಗೆ ಒಣಗಿಸುತ್ತಾರೆ. ನಮ್ಮವರು ಮಾಳಿಗೆಯ ಮೇಲೆ ಸಂಡಿಗೆ ಒಣಗಿಸಲು ಬೇಕಾದಂಥದೇ ಬಿಸಿಲು, ಒಣಗಾಳಿ ಇದಕ್ಕೂ ಬೇಕು. ಮರುಭೂಮಿಯ ಊರಿಗೆ ಎರಡೂ ಧಾರಾಳ. ಒಣಗಿದ ಮೇಲೆ ಎಳೆ ಎಳೆಯಾಗಿ ಬಿಡಿಸಿ ಹಸಿಮೆಣಸು, ಟೊಮೆಟೊ, ಈರುಳ್ಳಿ ಜತೆ ಹುರಿದರೆ ಕಾರ್ನೆ ಸೆಕಾ. ಅದನ್ನು ತಟ್ಟೆಯಲ್ಲಿ ಬಿಡಿಯಾಗಿ, ಜತೆಗೆ ಟೋರ್ಟಿಯಾ ತರಿಸಿಕೊಂಡು ತಿನ್ನಿ. ಹೆಚ್ಚಿನವರು ಚಿಮಿಚಾಂಗಾ ಕೇಳುತ್ತಾರೆ. ಎಣ್ಣೆಯಲ್ಲಿ ಕರಿದ ಬರಿಟೋ ಅದು, ಹುಟ್ಟಿದ್ದು ತನ್ನ ಅಡುಗೆಮನೆಯಲ್ಲೇ ಎಂದು ಈ ಹೋಟೆಲ್ ಹೇಳುತ್ತದೆ, ಬೇರೆಯವರೂ ಹಾಗೇ ಹೇಳಿಕೊಳ್ಳುತ್ತಾರೆ. ಕರಿದ ಸಿಪ್ಪೆಯೊಳಗೆ ಆ ಒಣಮಾಂಸದ ಘಮ ಮುಚ್ಚಿಹೋಗುತ್ತದೆ. ಇಲ್ಲಿಗೆ ಬಂದು ಅದನ್ನು ಕಳೆದುಕೊಳ್ಳುವುದು ನಷ್ಟವೇ ಸರಿ.

ಕನ್ನಡಿಗರಿಗೆ ನಾವು ಮನಸಾರೆ ಹೇಳುವ ಹೆಸರು ಟುಮೆರಿಕೊ. ಆರನೇ ಬೀದಿಯಲ್ಲೊಂದು, ನಾಲ್ಕನೇ ಅವೆನ್ಯೂ ಬಳಿ ಇನ್ನೊಂದು. ಮೆಕ್ಸಿಕನ್ ಅಡುಗೆಯನ್ನು ಪೂರ್ತಿ ಮಾಂಸವಿಲ್ಲದೆ ಮಾಡುತ್ತಾರೆ, ಬಹುಪಾಲು ಹಾಲು ಬೆಣ್ಣೆಯೂ ಇಲ್ಲದ ವೀಗನ್. ಮಂತೇಕಾದ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಪದಾರ್ಥಗಳು ದಿನಕ್ಕೊಂದು ಬಗೆ ಬದಲಾಗುತ್ತವೆ, ಹಲಗೆ ಓದಿಯೇ ಆರಿಸಬೇಕು. ಅಲ್ಲಿನ ‘ಜಾಕ್‌ಫ್ರೂಟ್’ ಬೇರೇನಲ್ಲ, ನಮ್ಮ ಎಳೆ ಹಲಸಿನಕಾಯಿ, ಕರಾವಳಿಯ ಗುಜ್ಜೆ. ಬೇಯಿಸಿ ಎಳೆ ಬಿಡಿಸಿ, ಮಸಾಲೆಯಲ್ಲಿ ಅಂಚು ಕೆಂಪಾಗುವವರೆಗೆ ಹುರಿದು ಟಾಕೊಗೆ ತುಂಬುತ್ತಾರೆ. ಗುಜ್ಜೆ ಪಲ್ಯ ಉಂಡವರ ನಾಲಿಗೆಗೆ ಇದರ ತಪ್ಪು ತಕ್ಷಣ ತಿಳಿಯುತ್ತದೆ: ನೀರು ಪೂರ್ತಿ ಹಿಂಡದಿದ್ದರೆ ಎಳೆ ಸಪ್ಪೆಯಾಗಿ ಟೋರ್ಟಿಯಾ ಒದ್ದೆಯಾಗುತ್ತದೆ. ಇಲ್ಲಿ ಅಂಚು ಚೆನ್ನಾಗಿ ಗರಿಯಾಗಿರುತ್ತದೆ. ವಾರಾಂತ್ಯದ ಬೆಳಗ್ಗೆ ಸಾಲು ಉದ್ದ, ಬೇಗ ಹೋದಷ್ಟೂ ಒಳ್ಳೆಯದು. ಕುಡಿಯಲು ಹಮಾಯ್ಕಾ ತೆಗೆದುಕೊಳ್ಳಿ. ಪುಂಡಿ ಬಳಗದ ಗಿಡದ ಕೆಂಪು ಹೂದಳದಂಥ ತೊಟ್ಟುಗಳನ್ನು ನೆನೆಸಿ ಮಾಡಿದ ಹುಳಿ ಪಾನಕ ಅದು, ಊಟದ ಜಿಡ್ಡಿಗೆ ಇದಕ್ಕಿಂತ ಒಳ್ಳೆಯ ಜತೆ ಇಲ್ಲ.

ಬಾರಿಯೋ ಬ್ರೆಡ್ ಹೋಟೆಲಲ್ಲ, ಬೇಕರಿ. ಆದರೂ ಈ ಪಟ್ಟಿಯಲ್ಲಿ ಇರಲೇಬೇಕು. ಡಾನ್ ಗೆರ್ರಾ 2009ರಲ್ಲಿ ಮನೆಯ ಗ್ಯಾರೇಜಿನಲ್ಲಿ ಶುರುಮಾಡಿ, 2022ರಲ್ಲಿ ದೇಶದ ಅತ್ಯುತ್ತಮ ಬೇಕರ್ ಎಂಬ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆದರು. ವೈಟ್ ಸೊನೋರಾದಂಥ ಈ ಸೀಮೆಯ ಹಳೆಯ ಗೋಧಿ ತಳಿಗಳ ಹಿಟ್ಟು ಬಳಸಿ, ಹುಳಿ ಬರಿಸಿ ಬೇಯಿಸುತ್ತಾರೆ. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ತೆರೆದ ದಿನವೂ ಬೇಗ ಖಾಲಿಯಾಗುತ್ತದೆ. ಬಿಸಿಯಿರುವಾಗಲೇ ಕೊಯ್ಯಬೇಡಿ, ಒಳಗಿನ ತೇವ ಇಳಿಯದೆ ತಿರುಳು ಅಂಟಂಟಾಗುತ್ತದೆ. ಆರಿದ ಮೇಲೆ ದಪ್ಪ ಹೋಳು ಮಾಡಿ ಬೆಣ್ಣೆಯಲ್ಲಿ ಕಾಯಿಸಿ.

2015ರಲ್ಲಿ ಯುನೆಸ್ಕೋ ಟೂಸಾನ್ ಅನ್ನು ಅಮೆರಿಕದ ಮೊದಲ ‘ಪಾಕಕಲೆಯ ನಗರ’ ಎಂದು ಗುರುತಿಸಿತು. ಅದಕ್ಕೆ ಹೋಟೆಲುಗಳಿಗಿಂತ ದೊಡ್ಡ ಕಾರಣ ಈ ಕಣಿವೆಯ ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಬೇಸಾಯ. ಮೆನುವಿನಲ್ಲಿ ನೊಪಾಲೆಸ್ ಕಂಡರೆ ಬಿಡಬೇಡಿ: ನಮ್ಮ ಬೇಲಿಯ ಪಾಪಾಸುಕಳ್ಳಿಯ ಎಳೆ ಹಾಳೆಯೇ ಅದು, ಮುಳ್ಳು ಹೆರೆದು ಬೇಯಿಸಿದ್ದು. ರುಚಿ ಹುಳಿ ಬೆರೆತ ಹುರುಳಿಕಾಯಿಯಂತೆ, ಲೋಳೆ ಬೆಂಡೆಕಾಯಿಯಂತೆ. ಕಾವಲಿಯಲ್ಲಿ ಸುಟ್ಟದ್ದರಲ್ಲಿ ಲೋಳೆ ಕಡಿಮೆ, ಕುದಿಸಿದ್ದರಲ್ಲಿ ಹೆಚ್ಚು. ಟೆಪರಿ ಎಂಬುದು ಇಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಡಮ್ ಜನರ ಮರುಭೂಮಿ ಕಾಳು. ಮಡಕೆಕಾಳಿನಂತೆ ಅಲ್ಪ ಮಳೆಗೇ ಬೆಳೆಯುತ್ತದೆ. ಸ್ಯಾನ್ ಹವಿಯೇರ್ ಸಹಕಾರಿ ತೋಟದವರು ಒಣಕಾಳು ಮಾರುತ್ತಾರೆ. ರಾತ್ರಿಯಿಡೀ ನೆನೆಸಿ, ಮಾಮೂಲಿ ಬೀನ್ಸ್‌ಗಿಂತ ಹೆಚ್ಚು ಹೊತ್ತು ಬೇಯಿಸಬೇಕು. ಮನೆಗೆ ಒಯ್ಯಲು ಇದಕ್ಕಿಂತ ಒಳ್ಳೆಯದಿಲ್ಲ.

ಅನ್ನ ಸಾರು ನೆನಪಾದವರಿಗೆ ಬ್ಲಾಕ್‌ಲಿಡ್ಜ್ ಡ್ರೈವ್‌ನಲ್ಲಿ ಗೋವಿಂದಾಸ್ ಇದೆ, ಪೂರ್ತಿ ಸಸ್ಯಾಹಾರದ ಬಫೆ. ವೇಳೆ ನೋಡಿಕೊಂಡು ಹೋಗಿ.

ತಿರುಗಾಟದ ಬಗ್ಗೆ: ವಿಶ್ವವಿದ್ಯಾಲಯ, ನಾಲ್ಕನೇ ಅವೆನ್ಯೂ, ಡೌನ್‌ಟೌನ್, ಮೆರ್ಕಾಡೊ ಇವಿಷ್ಟನ್ನು ಸನ್ ಲಿಂಕ್ ಟ್ರಾಮ್ ಜೋಡಿಸುತ್ತದೆ. 12ನೇ ಅವೆನ್ಯೂಗೆ ಮಾತ್ರ ಕಾರು ಬೇಕು. ಜನವರಿ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ರತ್ನಶಿಲೆಗಳ ಜಾತ್ರೆ ನಡೆಯುವಾಗ ಮೊದಲೇ ಟೇಬಲ್ ಕಾದಿರಿಸದೆ ಡೌನ್‌ಟೌನ್‌ಗೆ ಹೋಗಬೇಡಿ. ಕೂತು ಉಂಡರೆ ಬಿಲ್ಲಿನ ಮೇಲೆ ಶೇ. 18–20 ಟಿಪ್ ರೂಢಿ. ಗುಂಪು ದೊಡ್ಡದಾದರೆ ಅದು ಬಿಲ್ಲಿನಲ್ಲೇ ಸೇರಿರಬಹುದು, ಎರಡು ಸಲ ಕೊಡದಂತೆ ನೋಡಿಕೊಳ್ಳಿ.

ಜೂನ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ದಕ್ಷಿಣದ ರಾಸ್ಪಾಡೊ ಅಂಗಡಿಗಳಿಗೆ ಹೋಗಿ ಮ್ಯಾಂಗೊನಾಡಾ ಕೇಳಿ: ತುರಿದ ಮಂಜುಗಡ್ಡೆ, ಮಾವು, ನಿಂಬೆ, ಖಾರದಪುಡಿ, ಹುಳಿ ಉಪ್ಪಿನ ಚಮೋಯ್ ಸಾಸ್. ಕಲಕಲು ಕೊಡುವ ಕಡ್ಡಿಗೆ ಹುಣಸೆಹಣ್ಣು ಮೆತ್ತಿರುತ್ತದೆ. ಉಪ್ಪುಖಾರ ಹಚ್ಚಿದ ಮಾವಿನಕಾಯಿ ತಿಂದು ಬೆಳೆದವರಿಗೆ ವಿವರಣೆ ಬೇಕಿಲ್ಲ. ಚಮೋಯ್ ಅರ್ಧ ಸಾಕು ಎಂದು ಹೇಳಿ, ಇಲ್ಲವಾದರೆ ಮಾವಿನ ರುಚಿ ಅಡಗಿಬಿಡುತ್ತದೆ.