ಎಸ್‌ಕ್ಯೂಲೈಟ್: ಲೈಬ್ರರಿ ಬದಲಾದ ಮೇಲೆ ಲಾಕ್ ಬಿಡದ ಫೈಲು

ಸಣ್ಣ ಕಚೇರಿಗಳ ಲೆಕ್ಕಪತ್ರಕ್ಕೆ ತಂತ್ರಾಂಶ ಬರೆದುಕೊಡುವ ಕೆಲಸದಲ್ಲಿ ನಾನು ನಾಲ್ಕು ವರ್ಷಗಳಿಂದ ಎಸ್‌ಕ್ಯೂಲೈಟ್ ಡೇಟಾಬೇಸನ್ನೇ ಬಳಸುತ್ತಿದ್ದೇನೆ. ಇದಕ್ಕೆ ಪ್ರತ್ಯೇಕ ಸರ್ವರ್ ಬೇಕಿಲ್ಲ, ಅದನ್ನು ನೋಡಿಕೊಳ್ಳಲು ಒಬ್ಬ ತಜ್ಞರೂ ಬೇಕಿಲ್ಲ. ಇಡೀ ದತ್ತಾಂಶ ಒಂದೇ ಫೈಲಿನಲ್ಲಿ ಕುಳಿತಿರುತ್ತದೆ. 2000ದಲ್ಲಿ ಡಿ. ರಿಚರ್ಡ್ ಹಿಪ್ ಅವರು ಹೊರತಂದ ಈ ತಂತ್ರಾಂಶ ಸಾರ್ವಜನಿಕ ಸ್ವತ್ತಾಗಿದ್ದು, ಯಾರು ಬೇಕಾದರೂ ಬಿಡಿಗಾಸು ಕೊಡದೆ ಬಳಸಬಹುದು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಇದೇ ಕೆಲಸ ಮಾಡುತ್ತಿದೆ. ಇದರ ಗುಣವನ್ನು ನಾನು ಸರಿಯಾಗಿ ಅರಿತದ್ದು ಎಲ್ಲವೂ ಸುಸೂತ್ರವಾಗಿದ್ದ ದಿನಗಳಲ್ಲಲ್ಲ, ಒಂದು ಮಾರ್ಚ್ 31ರ ಸಂಜೆ.

ಒಂದು ಸಹಕಾರ ಸಂಘದ ಕಚೇರಿಯಲ್ಲಿ ನಮ್ಮ ತಂತ್ರಾಂಶ ಓಡುತ್ತದೆ. ಪ್ರತಿದಿನ ಸಂಜೆ ಗುಮಾಸ್ತರು ದಿನವಹಿ ಮುಗಿಸುವ ಗುಂಡಿ ಒತ್ತಿದರೆ ಡೇಟಾಬೇಸ್ ಸಂಪರ್ಕ ಮುಚ್ಚಿ, ಫೈಲಿನ ಒಂದು ಪ್ರತಿ ಪೆನ್‌ಡ್ರೈವಿಗೆ ಹೋಗುತ್ತದೆ. ವರ್ಷದ ಕೊನೆಯ ದಿನ ಮಾತ್ರ ಅದೇ ಫೈಲಿಗೆ ಆ ವರ್ಷದ ಹೆಸರಿಟ್ಟು ಎತ್ತಿಟ್ಟು, ಹೊಸ ವರ್ಷಕ್ಕೆ ಹೊಸ ಫೈಲು ತೆರೆಯಬೇಕು. ಅದಕ್ಕೆ ಒಂದು ವಾರ ಮೊದಲು, ನಮ್ಮ ಪ್ರೋಗ್ರಾಮಿಗೂ ಎಸ್‌ಕ್ಯೂಲೈಟಿಗೂ ನಡುವೆ ನಿಲ್ಲುವ ಸಂಪರ್ಕ ಲೈಬ್ರರಿಯನ್ನು ನಾನು ಹೊಸ ಆವೃತ್ತಿಗೆ ಏರಿಸಿದ್ದೆ. ಅಂದು ಸಂಜೆ ಹೆಸರು ಬದಲಿಸುವ ಹಂತದಲ್ಲಿ, ಫೈಲನ್ನು ಇನ್ನೊಂದು ಪ್ರಾಸೆಸ್ (ಓಡುತ್ತಿರುವ ಪ್ರೋಗ್ರಾಮ್) ಬಳಸುತ್ತಿದೆ ಎಂಬ ವಿಂಡೋಸ್ ಸಂದೇಶ ಬಂದು ಕೆಲಸ ಅಲ್ಲಿಗೇ ನಿಂತಿತು.

ಇಂಥ ಹೊತ್ತಿನಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಗೊಂದಲವೆಂದರೆ ಲಾಕ್ ಎಂಬ ಒಂದೇ ಪದದ ಕೆಳಗೆ ಎರಡು ಬೇರೆ ಸಂಗತಿಗಳಿರುವುದು. ಎಸ್‌ಕ್ಯೂಲೈಟ್ ತಾನೇ ಹಾಕುವ ಲಾಕ್ ಒಂದು. ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರು ಬರೆಯಲು ಬಂದರೆ ಅದು 5ನೇ ಸಂಖ್ಯೆಯ ದೋಷವನ್ನು ಕೊಟ್ಟು, ಡೇಟಾಬೇಸ್ ಲಾಕ್ ಆಗಿದೆ ಎನ್ನುತ್ತದೆ. ಲಾಕ್ ಬಿಡುವ ತನಕ ಎಷ್ಟು ಹೊತ್ತು ಕಾಯಬೇಕೆಂದು ಹೇಳಲು ಬಿಝಿ ಟೈಮ್‌ಔಟ್ ಎಂಬ ಏರ್ಪಾಡಿದೆ. ಎಸ್‌ಕ್ಯೂಲೈಟಿನಲ್ಲಿ ಅದು ಮೂಲತಃ ಸೊನ್ನೆ, ಅಂದರೆ ಕಾಯುವ ಮಾತೇ ಇಲ್ಲ. 5000 ಮಿಲಿಸೆಕೆಂಡ್ ಎಂದು ಇಟ್ಟರೆ ಸಾಮಾನ್ಯ ಕಚೇರಿಯ ತಿಕ್ಕಾಟಗಳೆಲ್ಲ ತಾವಾಗಿಯೇ ಬಗೆಹರಿಯುತ್ತವೆ. ಎರಡನೆಯದು ಆಪರೇಟಿಂಗ್ ಸಿಸ್ಟಮ್ಮಿನದು. ಯಾವುದೋ ಪ್ರೋಗ್ರಾಮ್ ಫೈಲನ್ನು ತೆರೆದು ಹಿಡಿದುಕೊಂಡಿದ್ದರೆ ಅದನ್ನು ಅಳಿಸಲು, ಹೆಸರು ಬದಲಿಸಲು ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ. ಈ ಎರಡನೆಯದಕ್ಕೆ ಎಷ್ಟು ಹೊತ್ತು ಕಾದರೂ ಫಲವಿಲ್ಲ. ನಮ್ಮದು ಎರಡನೆಯ ಬಗೆಯದು ಎಂದು ಗೊತ್ತಾಗುವ ಮುನ್ನ ನಾನು ಆಂಟಿವೈರಸ್ಸನ್ನು ಅನುಮಾನಿಸಿ ಒಂದು ಗಂಟೆ ಕಳೆದಿದ್ದೆ.

ಆ ಸಂಜೆ ಕೈಹಿಡಿದದ್ದು ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸಂಗ್ರಹದ ಪ್ರಾಸೆಸ್ ಎಕ್ಸ್‌ಪ್ಲೋರರ್ ಎಂಬ ಉಚಿತ ಉಪಕರಣ. ಅದನ್ನು ತೆರೆದು ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಫೈಲಿನ ಹೆಸರು ಟೈಪಿಸಿದರೆ, ಅದನ್ನು ಹಿಡಿದಿರುವ ಪ್ರೋಗ್ರಾಮಿನ ಹೆಸರು ಸಾಲಾಗಿ ಬರುತ್ತದೆ. ಬಂದದ್ದು ನಮ್ಮದೇ ಪ್ರೋಗ್ರಾಮಿನ ಹೆಸರು, ಅದೂ ಮೂರು ಸಾಲುಗಳಲ್ಲಿ: ಮೂಲ ಫೈಲು, ಹೊಸ ನಮೂದುಗಳು ಮೊದಲು ಸೇರುವ ಅದರ ಪಕ್ಕದ ವಾಲ್ ಫೈಲು, ಆ ವಾಲ್‌ಗೆ ಸೂಚಿಯಂತಿರುವ ಎಸ್‌ಎಚ್‌ಎಂ ಫೈಲು. ಸಂಪರ್ಕ ಮುಚ್ಚುವ ಆಜ್ಞೆ ಓಡಿದ ಮೇಲೂ ಮೂರೂ ತೆರೆದೇ ಇದ್ದವು. ಹೊಸ ಆವೃತ್ತಿಯ ಟಿಪ್ಪಣಿಯನ್ನು ಆಮೇಲೆ ಓದಿದೆ. ಈ ಆವೃತ್ತಿಯಿಂದ ಸಂಪರ್ಕಗಳನ್ನು ಪೂಲ್ ಮಾಡಲಾಗುತ್ತದೆ, ಅಂದರೆ ಮುಚ್ಚು ಎಂದರೂ ನಿಜವಾಗಿ ಮುಚ್ಚದೆ, ಮುಂದಿನ ಬಳಕೆಗೆ ಬೇಗ ಸಿಗಲೆಂದು ಒಳಗೇ ಇಟ್ಟುಕೊಳ್ಳಲಾಗುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಪದೇ ಪದೇ ತೆರೆದು ಮುಚ್ಚುವ ಪ್ರೋಗ್ರಾಮುಗಳಿಗೆ ಇದರಿಂದ ವೇಗ ಸಿಗುವುದು ನಿಜ. ಫೈಲನ್ನೇ ಎತ್ತಿಡುವ ನಮ್ಮಂಥವರಿಗೆ ಅದೇ ತೊಡಕು.

ಹೆಸರು ಬದಲಾಗದಿದ್ದದ್ದು ಕಣ್ಣಿಗೆ ಕಂಡ ತೊಂದರೆ. ಕಾಣದ ತೊಂದರೆ ಅದಕ್ಕಿಂತ ದೊಡ್ಡದಾಗಿತ್ತು, ಈ ಬರಹಕ್ಕೆ ಮುಖ್ಯ ಕಾರಣವೂ ಅದೇ. 2010ರಲ್ಲಿ ಬಂದ ವಾಲ್ ವಿಧಾನದಲ್ಲಿ ಹೊಸ ನಮೂದುಗಳು ನೇರವಾಗಿ ಮೂಲ ಫೈಲಿಗೆ ಹೋಗುವುದಿಲ್ಲ. ಮೊದಲು ವಾಲ್ ಫೈಲಿನಲ್ಲಿ ಕೂಡಿಕೊಂಡು, ಅದು 1000 ಪುಟಗಳಷ್ಟಾದಾಗ ಅಥವಾ ಕೊನೆಯ ಸಂಪರ್ಕ ಸರಿಯಾಗಿ ಮುಚ್ಚಿದಾಗ ಮೂಲಕ್ಕೆ ಸೇರುತ್ತವೆ. ಒಂದು ಪುಟ ಸಾಮಾನ್ಯವಾಗಿ 4096 ಬೈಟು, ಹಾಗಾಗಿ ಸುಮಾರು 4 ಎಂಬಿ ತುಂಬುವ ತನಕ ವಾಲ್ ಫೈಲೇ ತಾಜಾ ಲೆಕ್ಕದ ಮನೆ. ನಮ್ಮ ಸಂಘದ ಒಂದು ದಿನದ ರಸೀದಿಗಳು ಅಷ್ಟಾಗುವುದಿಲ್ಲ. ಹಳೆಯ ಲೈಬ್ರರಿ ಸಂಜೆ ಸಂಪರ್ಕ ಮುಚ್ಚಿದಾಗ ಎಲ್ಲವೂ ಮೂಲಕ್ಕೆ ಸೇರಿ ವಾಲ್ ಫೈಲು ಮಾಯವಾಗುತ್ತಿತ್ತು. ಹೊಸದು ಮುಚ್ಚಲೇ ಇಲ್ಲ. ಫೈಲು ತೆರೆದಿದ್ದರೂ ನಕಲು ಮಾಡಲು ಅಡ್ಡಿಯಿಲ್ಲವಾದ್ದರಿಂದ ಪೆನ್‌ಡ್ರೈವಿಗೆ ಪ್ರತಿ ಮಾತ್ರ ದಿನವೂ ತಪ್ಪದೆ ಹೋಗುತ್ತಿತ್ತು. ಬುಧವಾರದ ಪ್ರತಿಯನ್ನು ತೆರೆದು ನೋಡಿದಾಗ ಬುಧವಾರದ ಒಂದು ರಸೀದಿಯೂ ಅದರಲ್ಲಿರಲಿಲ್ಲ. ಮೂಲ ಯಂತ್ರ ಆ ವಾರ ಕೆಟ್ಟಿದ್ದರೆ ಸದಸ್ಯರು ಕಟ್ಟಿದ ಹಣಕ್ಕೆ ನಮ್ಮಲ್ಲಿ ದಾಖಲೆಯೇ ಇರುತ್ತಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ಹೊತ್ತಿಗೆ ಗುಮಾಸ್ತರು ವಾಲ್, ಎಸ್‌ಎಚ್‌ಎಂ ಫೈಲುಗಳನ್ನು ತೋರಿಸಿ, ‘ಸರ್, ಈ ಎರಡು ಫೈಲು ಮೊದಲು ಇರಲೇ ಇಲ್ಲ, ಅಳಿಸಿಬಿಡಲಾ?’ ಎಂದು ಕೇಳಿದರು. ಪ್ರೋಗ್ರಾಮನ್ನು ಮುಚ್ಚಿ ಅವುಗಳನ್ನು ಅಳಿಸಿದ್ದರೆ ಮೂಲಕ್ಕೆ ಇನ್ನೂ ಸೇರದಿದ್ದ ರಸೀದಿಗಳೆಲ್ಲ ಅಲ್ಲಿಗೇ ಮುಗಿಯುತ್ತಿದ್ದವು. ಲಾಕ್ ಬಿಡಿಸುವ ಆತುರದಲ್ಲಿ ವಾಲ್ ಫೈಲನ್ನು ಯಾರೂ ಕೈಯಿಂದ ಅಳಿಸಬಾರದು.

ಪರಿಹಾರ ಚಿಕ್ಕದು. ಫೈಲನ್ನು ಮುಟ್ಟುವ ಮುನ್ನ ಪೂಲನ್ನು ಖಾಲಿ ಮಾಡುವ ಆಜ್ಞೆ ಆ ಲೈಬ್ರರಿಯಲ್ಲೇ ಇತ್ತು. ಡೇಟಾಬೇಸ್ ತೆರೆಯುವಾಗ ಕೊಡುವ ಸಂಪರ್ಕದ ಸಾಲಿನಲ್ಲಿ ಪೂಲಿಂಗ್ ಬೇಡವೆಂದೂ ಬರೆಯಬಹುದಿತ್ತು. ನಾನು ಎರಡನೆಯದನ್ನು ಆರಿಸಿಕೊಂಡೆ, ಒಂದೇ ಯಂತ್ರದ ಕಚೇರಿಗೆ ಆ ವೇಗದ ಅಗತ್ಯವಿಲ್ಲ. ಜೊತೆಗೆ, ಫೈಲನ್ನು ಹಾಗೆಯೇ ನಕಲು ಮಾಡುವ ಪದ್ಧತಿಯನ್ನು ಪೂರ್ತಿ ಬಿಟ್ಟು, ವ್ಯಾಕ್ಯೂಮ್ ಇಂಟು ಎಂಬ ಆಜ್ಞೆಗೆ ಬಂದೆ. 2019ರ 3.27 ಆವೃತ್ತಿಯಿಂದ ಲಭ್ಯವಿರುವ ಇದು ಸಂಪರ್ಕ ತೆರೆದಿದ್ದರೂ, ವಾಲ್‌ನಲ್ಲಿರುವುದನ್ನೂ ಸೇರಿಸಿಕೊಂಡು ಪೂರ್ಣ ಪ್ರತಿಯನ್ನು ಬರೆದುಕೊಡುತ್ತದೆ. ನಾನು ಪರೀಕ್ಷೆ ಮಾಡುವ ಲ್ಯಾಪ್‌ಟಾಪ್ ಲಿನಕ್ಸ್ ಆದ್ದರಿಂದಲೇ ಈ ದೋಷ ಮೊದಲು ಕಾಣಲಿಲ್ಲ ಎಂಬುದನ್ನೂ ಹೇಳಬೇಕು: ಅಲ್ಲಿ ತೆರೆದಿರುವ ಫೈಲಿನ ಹೆಸರನ್ನೂ ಬದಲಿಸಬಹುದು, ಲಾಕ್ ಸಂದೇಶ ಬರುವುದೇ ಇಲ್ಲ. ಅಲ್ಲಿ ಎಲ್‌ಎಸ್‌ಒಎಫ್ ಆಜ್ಞೆ ಓಡಿಸಿ, ಫೈಲು ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳಬೇಕು.

ಇನ್ನು ಎಸ್‌ಕ್ಯೂಲೈಟ್ ಕುರಿತ ನನ್ನ ತೀರ್ಪು. ಈ ಘಟನೆಯಲ್ಲಿ ಅದು ಒಂದು ರಸೀದಿಯನ್ನೂ ಕಳೆಯಲಿಲ್ಲ. ಪ್ರೋಗ್ರಾಮನ್ನು ಮುಚ್ಚಿ ತೆರೆದ ಕೂಡಲೇ ವಾಲ್ ಫೈಲಿನಲ್ಲಿದ್ದುದೆಲ್ಲ ಜೋಪಾನವಾಗಿ ಮರಳಿ ಬಂತು. ಅದರ ದಸ್ತಾವೇಜು ನಾನು ಓದಿರುವ ತಾಂತ್ರಿಕ ಬರಹಗಳಲ್ಲೇ ಅತ್ಯಂತ ಪ್ರಾಮಾಣಿಕವಾದದ್ದು, ತನ್ನ ಫೈಲು ಹೇಗೆ ಹಾಳಾಗಬಹುದು ಎಂಬುದಕ್ಕೇ ಒಂದು ಪ್ರತ್ಯೇಕ ಪುಟವನ್ನು ಮೀಸಲಿಟ್ಟಿದೆ. ಕೊರತೆಯೆಂದರೆ, ಡೇಟಾಬೇಸ್ ಲಾಕ್ ಆಗಿದೆ ಎನ್ನುವ ಸಂದೇಶವು ಹಿಡಿದವರು ಯಾರು ಎಂದು ಹೇಳುವುದಿಲ್ಲ. ಒಂದೇ ಯಂತ್ರದಲ್ಲಿ ಲೆಕ್ಕ ನಡೆಸುವ ಸಂಘ, ಅಂಗಡಿ, ಕ್ಲಿನಿಕ್ಕುಗಳಿಗೆ ನಾನು ಇದನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ನಾಲ್ಕು ಯಂತ್ರಗಳು ನೆಟ್‌ವರ್ಕ್ ಫೋಲ್ಡರಿನ ಒಂದೇ ಫೈಲಿಗೆ ಬರೆಯಬೇಕಾದ ಕಚೇರಿಗೆ ಸೂಚಿಸುವುದಿಲ್ಲ, ಏಕೆಂದರೆ ನೆಟ್‌ವರ್ಕ್ ಫೈಲ್‌ಸಿಸ್ಟಮ್ಮಿನ ಮೇಲೆ ವಾಲ್ ವಿಧಾನ ನಡೆಯುವುದಿಲ್ಲ. ಅಂಥವರಿಗೆ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂಥ ಸರ್ವರ್ ಡೇಟಾಬೇಸೇ ಸರಿ.